ಪಂಚಶೀಲಾಳ ಗಂಟಲು ನೋವು

ಪಂಚಶೀಲಾಳಿಗೆ ಗಂಟಲು ನೋವು ಬರುವುದು ಊರಿಗೆ ಬಂದಾಗ ಮಾತ್ರ. ಕಲಬುರಗಿಯಲ್ಲಿ ರೈಲಿಳಿದು, ಸ್ಟೇಶನ್ ಬಜಾರದಲ್ಲೊಂದು ಮಫ್ಲರ್ ಕೊಂಡು ಕುತ್ತಿಗೆಗೆ ಸುತ್ತಿಕೊಂಡರೆ ಮುಗಿಯಿತು. ಕಮಲಾಪುರದಲ್ಲಿರುವಷ್ಟು ದಿನ ಹೊರಗಿನವರೆದುರು ಬರೀ ಪಿಸುಮಾತು. ಏಪ್ರಿಲ್ ಬಿಸಿಲಿನಲ್ಲಿ ಮಫ್ಲರ್ ಸುತ್ತಿಕೊಂಡವಳು ಇಡೀ ಜಿಲ್ಲೆಯಲ್ಲಿ ಅವಳೊಬ್ಬಳೇ ಇದ್ದಿರಬೇಕು.

ಎಂಟು ವರ್ಷದಿಂದ ಅವಳು ಧಾರಾವಾಹಿಯೊಂದರಲ್ಲಿ ಅತ್ತೆ ಭೈರಾದೇವಿ. ಮಗನ ಪಾತ್ರದವನು ಅವಳಿಗಿಂತ ಎರಡು ವರ್ಷ ದೊಡ್ಡವನು, ಆ ಮಾತು ಬಿಡಿ. ಮನೆಮನೆಯಲ್ಲೂ ಹೆದರಿಸುವ ಭೈರಾದೇವಿಯ ದನಿ ಮಾತ್ರ ಪಂಚಶೀಲಾಳದ್ದಲ್ಲ. "ಬಂಗಲೆಯ ಒಡತಿ ಈ ಥರ ಕಲಬುರಗಿ ಕನ್ನಡ ಮಾತಾಡಿದರೆ ಜನ ನಗ್ತಾರಮ್ಮ" ಎಂದು ನಿರ್ದೇಶಕ ಮೊದಲ ದಿನವೇ ಬೇರೊಬ್ಬಳಿಂದ ಡಬ್ಬಿಂಗ್ ಮಾಡಿಸಿದ್ದ. ಆ ಅವಮಾನವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಅವ್ವ ಸಂತೆಯಲ್ಲಿ ಕೆಂಪು ಬಾಳೆ ಆರಿಸುವಾಗಲೂ "ಟಿವಿಯಾಗ ಆ ದನಿ ಕೇಳೀರೇನ್ರೀ? ನನ್ನ ಮಗಳದು" ಎಂದು ಬೀಗುತ್ತಿದ್ದಳು.

ಈ ಸಲ ಬಂದದ್ದು ತಮ್ಮ ಅಜಿತನಿಗೆ ಹೆಣ್ಣು ನೋಡಲು. ಹುಡುಗಿ ಮಹಾಗಾಂವದ ಸಂಘಮಿತ್ರಾ. ಇಬ್ಬರೂ ಆಗಲೇ ಒಪ್ಪಿಕೊಂಡಾಗಿತ್ತು. ಹುಡುಗಿಯ ಅಜ್ಜಿ ಶೇವಂತಾ ಹೂಂ ಅನ್ನುವುದಷ್ಟೇ ಬಾಕಿ.

ಪಂಚಶೀಲಾಳನ್ನು ತಮ್ಮ ಮನೆಯ ಹೊಸ್ತಿಲಲ್ಲಿ ಕಂಡದ್ದೇ ಅಜ್ಜಿ ಚಹಾದ ಕೆಟಲಿಯನ್ನು ಎಳೆದು ತನ್ನ ಸೆರಗಿನಡಿ ಇಟ್ಟುಕೊಂಡಳು.

"ಇಕಿ ಕೈಗೆ ಏನೂ ಕೊಡಬ್ಯಾಡ್ರಿ. ಮೊನ್ನೆ ಸೊಸಿ ಹಾಲಿನಾಗ ವಿಷ ಹಾಕ್ಯಾಳ. ನಾ ಕಣ್ಣಾರೆ ನೋಡೀನಿ."

"ಆಯೀ, ಅದು ನಾಟಕರೀ" ಎಂದ ಅಜಿತ.

"ಪೊಲೀಸರ ಮುಂದ ಇಕಿನೂ ಹಂಗೇ ಹೇಳ್ಯಾಳ! ಇಕಿ ಮನಿಗೆ ನಮ್ಮ ಹುಡುಗಿ ಕೊಡಂಗಿಲ್ಲ."

ಸಂಘಮಿತ್ರಾಳ ಕಣ್ಣು ತುಂಬಿತು. ಅಜಿತ ಬಾಯಿಗಿಟ್ಟ ಮಂಡಕ್ಕಿ ಸುಸ್ಲಾ ನುಂಗುವುದನ್ನೇ ಮರೆತ. ಪಂಚಶೀಲಾ ಮಫ್ಲರಿನೊಳಗೆ ಬೆವೆತುಹೋದಳು. ಬಾಯಿ ಬಿಟ್ಟರೆ ಅವ್ವನ ಎಂಟು ವರ್ಷದ ಹೆಮ್ಮೆ ಮಣ್ಣುಪಾಲು, ಬಿಡದಿದ್ದರೆ ತಮ್ಮನ ಮದುವೆ. ಪಕ್ಕದಲ್ಲಿದ್ದ ಅವ್ವನ ಕಡೆ ನೋಡದೆ ಮಫ್ಲರ್ ಕಿತ್ತೆಸೆದಳು.

"ಆಯೀ, ಆ ದನಿ ನಂದಲ್ಲರೀ! ನಾ ಬರೇ ಬಾಯಿ ಆಡಸ್ತೀನಿ, ಮಾತು ಇನ್ನೊಬ್ಬಾಕಿ ಆಡ್ತಾಳ. ನಮ್ಮ ಮಾತು ಅಲ್ಲಿ ನಡಿಯಂಗಿಲ್ಲಂತ. ನನಗ ಚಹಾ ಸೋಸಾಕೂ ಬರಂಗಿಲ್ಲ, ವಿಷ ಎಲ್ಲಿಂದ ಹಾಕಲಿ?"

ಅಜ್ಜಿ ಕಣ್ಣು ಕಿರಿದು ಮಾಡಿದಳು. "ಹೌದಾ? ಸೊಸಿಗಿ ಬೈತಿಯಲ್ಲ, ಹಂಗ ಬೈ ನೋಡಮು."

ಪಂಚಶೀಲಾ ಎದ್ದು ನಿಂತು ಹುಬ್ಬೇರಿಸಿದಳು. ಥೇಟ್ ಭೈರಾದೇವಿ. ಸಂಘಮಿತ್ರಾ ಒಂದು ಹೆಜ್ಜೆ ಹಿಂದೆ ಸರಿದಳು.

"ಏ, ಇನ್ನೊಮ್ಮಿ ಈ ಹೊಸ್ತಿಲ ತುಳಿದ್ಯಂದ್ರ ನೋಡ್ ಮತ್ತ... ಉಂಡಾದ್ರೂ ಹೋಗವಾ, ಬಿಸಿಲು ಭಾಳ ಅದ."

ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆ ಹೊರಬರುವಂತೆ ನಕ್ಕಳು. "ಇಕಿ ನಮ್ಮಾಕಿನೇ! ಆ ಕೆಟ್ಟಾಕಿ ಬ್ಯಾರೆ ಅದಾಳ." ಸೆರಗಿನಡಿಯಿಂದ ಕೆಟಲಿ ಹೊರಬಂತು.

ಟೆಂಪೋದಲ್ಲಿ ಮರಳುವಾಗ ಪಂಚಶೀಲಾ ಮೆಲ್ಲಗೆ "ತಪ್ಪಾತವ್ವಾ" ಎಂದಳು.

"ನನಗ ಮೊದಲನೇ ದಿನನೇ ಗೊತ್ತಾಗಿತ್ತು" ಎಂದಳು ಅವ್ವ. "ಹಡದಾಕಿಗಿ ಮಗಳ ದನಿ ತಿಳಿಯಂಗಿಲ್ಲೇನು? ನೀ ಮುಚ್ಚಿಟ್ಟಿ ಅಂತ ನಾನೂ ಊರ ತುಂಬ ಸುಳ್ಳು ಹೇಳ್ಕೋತ ಬಂದೆ."

ಪಂಚಶೀಲಾ ಗ್ಲಿಸರಿನ್ ಇಲ್ಲದೆ ಅತ್ತು ಎಷ್ಟೋ ವರ್ಷವಾಗಿತ್ತು. ಮೂಗೊರೆಸಲು ಮಫ್ಲರ್ ಹುಡುಕಿದರೆ ಅದು ಮಹಾಗಾಂವದಲ್ಲೇ ಉಳಿದಿತ್ತು.

ಮದುವೆಯಾಯಿತು. ಈಗ ಶೇವಂತಾ ಅಜ್ಜಿ ದಿನಾ ಸಂಜೆ ಏಳೂವರೆಗೆ ಟಿವಿ ಹಚ್ಚಿ ದನಿ ಪೂರ್ತಿ ಬಂದ್ ಮಾಡುತ್ತಾಳೆ. ಭೈರಾದೇವಿ ಬಾಯಿ ತೆರೆದಾಗಲೆಲ್ಲ ಅವಳ ಮಾತನ್ನು ತಾನೇ ಆಡುತ್ತಾಳೆ.

"ಕುಡಿಬ್ಯಾಡ ನನ್ನವ್ವಾ, ಆ ಹಾಲಿನಾಗ ವಿಷ ಹಾಕೀನಿ."