ಮಗಳ ಹೆಸರಿನ ಕುಟುಂಬ

ನಮ್ಮ ಯಜಮಾನರಿಗೆ ಮೀನು ಬಿಟ್ಟರೆ ಬೇರೆ ಲೋಕವಿಲ್ಲ. ಅದೂ ತಿನ್ನುವ ಮೀನಲ್ಲ, ಸ್ಪಿರಿಟ್ ಬಾಟಲಿಯಲ್ಲಿ ಮುಳುಗಿ ಬಣ್ಣಗೆಟ್ಟ ಮೀನು. ಇಬ್ಬರಿಗೂ ಕೆಲಸ ಒಂದೇ ಮ್ಯೂಸಿಯಂನಲ್ಲಿ. ಅವರು ಮೀನು ಅಳೆದು ವಿಂಗಡಿಸುತ್ತಾರೆ, ನಾನು ಬಾಟಲಿಗಳಿಗೆ ಚೀಟಿ ಬರೆಯುತ್ತೇನೆ.

ನಮ್ಮ ಮಗಳು ಜ್ವರ ಬಂದು ನಾಲ್ಕು ವರ್ಷಕ್ಕೇ ಹೋದಳು. ಮರುವರ್ಷ ಕಡಲ ತಳಕ್ಕೆ ಬಿಟ್ಟ ಬಲೆಯಲ್ಲಿ ಬೆರಳುದ್ದದ ಒಂದು ಮೀನು ಸಿಕ್ಕಿತು. ಮರಳಿನ ಮೇಲೆ ಊರಿ ಕೂರಲು ಕೈಯಂಥ ಎರಡು ರೆಕ್ಕೆ, ಬೆನ್ನ ಮೇಲೆ ಕುಚ್ಚಿನ ಹಾಗೆ ಉದ್ದನೆಯ ಎಳೆಗಳು. ಶಾಸ್ತ್ರಕ್ಕೆ ಗೊತ್ತಿರುವ ಮೀನಿನ ಯಾವ ಕುಟುಂಬಕ್ಕೂ ಅದು ಸೇರಲಿಲ್ಲ. ಇವರು ಹೊಸ ಕುಟುಂಬವನ್ನೇ ಮಾಡಿ, ಮಗಳ ಹೆಸರಿಗೆ ಲ್ಯಾಟಿನ್ ಬಾಲ ಅಂಟಿಸಿ ಅದಕ್ಕಿಟ್ಟರು. ಮನೆಯಲ್ಲಿ ಅವಳ ಹೆಸರೇ ಎತ್ತದ ಮನುಷ್ಯ ಕೆಲಸದಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಅಷ್ಟಾದರೂ ಇರಲಿ ಅಂತ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಮೊನ್ನೆ ಮೊನ್ನೆ ಅದೇ ಕಡೆಯಿಂದ ಇನ್ನೊಂದು ಬಲೆಯ ಮೀನುಗಳು ಬಂದವು. ಇವರ ಕೈಕೆಳಗೆ ಓದುವ ಹುಡುಗಿ ಅವನ್ನು ತಟ್ಟೆಯಲ್ಲಿ ಗಾತ್ರದ ಪ್ರಕಾರ ಜೋಡಿಸಿದಳು. ಎಲ್ಲಕ್ಕಿಂತ ಚಿಕ್ಕದು, ಒಂದು ತುದಿಗೆ, ನಮ್ಮ ಮಗಳ ಮೀನಿನಂಥದೇ ಕುಚ್ಚಿನ ಮೀನು. ಪಕ್ಕದ್ದರಲ್ಲಿ ಕುಚ್ಚು ಮೋಟು. ಅದರ ಮುಂದಿನದರಲ್ಲಿ ಕುಚ್ಚಿದ್ದ ಕಡೆ ಬರೀ ಗುರುತು. ಕೊನೆಯದು ಎಲ್ಲರಿಗೂ ಗೊತ್ತಿರುವ, ಯಾರೋ ಎಂದೋ ಹೆಸರಿಟ್ಟುಹೋದ ದಪ್ಪ ತಲೆಯ ಮೀನು.

ಹುಡುಗಿ ತಟ್ಟೆಯನ್ನು ಇವರ ಮುಂದೆ ಸರಿಸಿದಳು. ಇವರೇ ಹೇಳಿದರು, "ನಮ್ಮದು ಬೇರೆ ಕುಟುಂಬ ಅಲ್ಲ. ಈ ದಪ್ಪ ತಲೆ ಮೀನಿನದ್ದೇ ಮರಿ. ಬೆಳೆದಿರ್ಲಿಲ್ಲ, ಅಷ್ಟೇ."

ಒಂದೇ ಮೀನಿಗೆ ಎರಡು ಹೆಸರು ಬಿದ್ದಿದ್ದರೆ ಮೊದಲಿನದು ಉಳಿಯಬೇಕು, ಆಮೇಲಿನದು ಹೋಗಬೇಕು. ಅದು ಇವರ ಶಾಸ್ತ್ರದ ನಿಯಮ. ಸುಡುಗಾಡು ನಿಯಮ! ಮಗುವನ್ನು ಇನ್ನೊಮ್ಮೆ ಕಳಕೊಳ್ಳುವ ಶಕ್ತಿ ನನಗಿರಲಿಲ್ಲ.

"ಸುಮ್ನಿದ್ಬಿಡಿ," ಅಂದೆ. "ನೀವು ಇದನ್ನ ಪತ್ರಿಕೆಗೆ ಬರೀದಿದ್ರೆ ಯಾರ ಗಂಟೇನು ಹೋಗತ್ತೆ? ಸಮುದ್ರ ಬತ್ತೋಗತ್ತಾ?"

"ಇವತ್ತಲ್ಲ ನಾಳೆ ಇನ್ಯಾರೋ ಬರೀತಾರೆ ಕಣೇ. ಕಂಡೋರು ಅವಳ ಹೆಸರು ಹೊಡೆದು ಹಾಕೋದು ಬೇಡ. ನಾನೇ ಮಾಡ್ತೀನಿ."

"ನಿಮಗೆ ಕರುಳು ಅನ್ನೋದು ಇಲ್ವೇನ್ರೀ?"

ಅವರು ಮೇಜಿಗೆ ಹೋಗಿ ಕೂತರು. ಲೇಖನ ಬರೆದು ಕಳಿಸಿಯೇಬಿಟ್ಟರು.

ಇವತ್ತು ಹೊಸ ಚೀಟಿ ಬರೆಯುವುದು ನನ್ನ ಪಾಲಿಗೇ ಬಂತು. "ನಾನ್ ಬರೀತೀನಿ ಬಿಡಿ ಮೇಡಂ," ಅಂದಳು ಹುಡುಗಿ. ನಾನು ಬಿಡಲಿಲ್ಲ. ದಪ್ಪ ತಲೆಯ ಮೀನಿನ ಹೆಸರು ಬರೆದು, ಕೆಳಗೆ 'ಮರಿ' ಎಂದು ಸೇರಿಸಿ ಮಗಳ ಮೀನಿನ ಬಾಟಲಿಯೊಳಗೆ ಹಾಕಿದೆ. ಮುಚ್ಚಳ ಬಿಗಿದು, ಮೇಜಿನ ಮೇಲೆ ಚೆಲ್ಲಿದ್ದ ಸ್ಪಿರಿಟ್ ಒರೆಸಿದೆ.

ಮನೆಗೆ ಬರುವಾಗ ಬಸ್ಸಿನಲ್ಲಿ ಇವರು ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಒಂದೆರಡು ಸ್ಟಾಪ್ ದಾಟಿದ ಮೇಲೆ ಮೆಲ್ಲಗೆ ಕೇಳಿದರು, "ಏನೇ, ಅವಳು ದೊಡ್ಡೋಳಾಗಿದ್ದಿದ್ರೆ ಯಾರ ಥರ ಇರ್ತಿದ್ಲು?"

ನಾನು ಕಣ್ಣು ಮುಚ್ಚಿ ನೋಡಿದೆ. ನಾಲ್ಕು ವರ್ಷದ ಆ ಮುಖವೇ ಬಂತು. ಅದನ್ನು ಒಂದಿಷ್ಟೂ ಬೆಳೆಸಲು ನನ್ನಿಂದ ಆಗಲಿಲ್ಲ.

"ಗೊತ್ತಾಗ್ತಿಲ್ಲ ರೀ," ಅಂದೆ.