ಅಡಿಯಲ್ಲಿ ಅಂಟಿಸಿದ ಚೀಟಿ

ಆ ಮಂಗಳವಾರ ಮಧ್ಯಾಹ್ನ ಅತ್ತೆ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ, ಎಳೆಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಸೊಸೆಯ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದರು. ಸಂಜೆಯಾದರೆ ಮನೆಯಲ್ಲೇ ಸಿಗುವ ಸೊಸೆಯನ್ನು ಹುಡುಕಿಕೊಂಡು ಬಿಸಿಲಲ್ಲಿ ಎರಡು ಬೀದಿ ನಡೆದು ಬಂದಿದ್ದಾರೆಂದರೆ, ವಿಷಯ ಮಾವನ ಕಿವಿಗೆ ಬೀಳಬಾರದ್ದೇ ಇರಬೇಕು.

"ಇದು ನನ್ನ ವಯಸ್ಸು ಕೇಳ್ತಿದೆ ಕಣೇ," ಎಂದರು ಅತ್ತೆ, ಯಾರೋ ಪೋಕರಿ ಬೀದಿಯಲ್ಲಿ ಕೇಳಿಬಿಟ್ಟ ಹಾಗೆ.

"ಎಲ್ಲರನ್ನೂ ಕೇಳ್ತಿದೆ ಅತ್ತೆ. ಹೊಸ ಕಾನೂನು. ಮಕ್ಕಳು ನೋಡಬಾರದ್ದನ್ನ ನೋಡಬಾರದು ಅಂತ."

"ಅದಕ್ಕೆ ನನ್ನನ್ಯಾಕೆ ಕೇಳ್ಬೇಕು? ನನ್ನ ತಲೆ ನೋಡಿದ್ರೆ ಗೊತ್ತಾಗಲ್ವಾ?"

ತಲೆ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಅತ್ತೆ ಕೂದಲಿಗೆ ಬಣ್ಣ ಹಚ್ಚುವುದನ್ನು ಒಂದು ಸಲವೂ ತಪ್ಪಿಸಿದವರಲ್ಲ.

ಪರದೆಯ ಮೇಲೆ ಅಪ್ಪಣೆ ಸ್ಪಷ್ಟವಾಗಿತ್ತು: ಗುರುತಿನ ಚೀಟಿಯನ್ನು ಕ್ಯಾಮೆರಾಕ್ಕೆ ಹಿಡಿಯಿರಿ, ಆಮೇಲೆ ಮುಖ ತೋರಿಸಿ. ಶುಕ್ರವಾರದೊಳಗೆ ಆಗದಿದ್ದರೆ ಕಂಪ್ಯೂಟರ್ ತೆರೆಯುವುದಿಲ್ಲ. ಶನಿವಾರ ಬೆಳಗ್ಗೆ ಹತ್ತಕ್ಕೆ ಅತ್ತೆಯ ಹೊಲಿಗೆ ಕ್ಲಾಸು. ಆರು ವರ್ಷದಿಂದ ಒಂದು ವಾರವೂ ಬಿಡದೆ ನಲವತ್ತೆರಡು ಹೆಂಗಸರಿಗೆ ಕಾಲರ್ ಕೂರಿಸುವುದನ್ನೂ ತೋಳು ಜೋಡಿಸುವುದನ್ನೂ ಇದೇ ಪರದೆಯಲ್ಲಿ ಹೇಳಿಕೊಟ್ಟವರು. ಅವರಲ್ಲಿ ಒಂಬತ್ತು ಜನ ಸ್ವಂತ ಅಂಗಡಿ ಇಟ್ಟಿದ್ದರು.

"ಚೀಟಿ ತಂದಿದ್ದೀರಾ?"

"ತಂದಿಲ್ಲ. ತರೋದೂ ಇಲ್ಲ. ಕ್ಲಾಸು ನಿಂತ್ರೆ ನಿಲ್ಲಲಿ."

ನಿಲ್ಲಲಿ ಎಂದವರು ಲ್ಯಾಪ್‌ಟಾಪನ್ನು ಮಾತ್ರ ಕೈಯಿಂದ ಬಿಡಲಿಲ್ಲ. ಸೊಸೆ ಸ್ಕ್ರೂಡ್ರೈವರ್ ಕೆಳಗಿಟ್ಟು ಸ್ಟೂಲು ಎಳೆದು ಕೂರಿಸಿದಳು. ಆಗ ಹೊರಗೆ ಬಿತ್ತು ನೋಡಿ ಸಂಗತಿ. ಅತ್ತೆ ಮಾವನಿಗಿಂತ ಆರು ವರ್ಷ ದೊಡ್ಡವರು! ಮದುವೆಗೆ ಮುಂಚೆ ಅತ್ತೆಯ ಹೊಲಿಗೆ ಅಂಗಡಿಗೆ ಕಾಗದ ಕೊಡಲು ಬರುತ್ತಿದ್ದ ಪೋಸ್ಟ್‌ಮ್ಯಾನ್, ಅಂದರೆ ಮಾವ, ಒಂದು ದಿನ ಧೈರ್ಯ ಮಾಡಿ ವಯಸ್ಸೆಷ್ಟೆಂದು ಕೇಳಿದಾಗ, ಬಟ್ಟೆ ಕತ್ತರಿಸಿದಷ್ಟೇ ಸಲೀಸಾಗಿ ಏಳು ವರ್ಷ ಕತ್ತರಿಸಿ ಹೇಳಿದ್ದರಂತೆ. "ಒಂದು ವರ್ಷ ಚಿಕ್ಕೋಳಾಗಿಬಿಟ್ಟೆ. ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ ಅನ್ನೋದು ನಲವತ್ತು ವರ್ಷ ಆಯ್ತು."

ಸೊಸೆಗೆ ನಗು ಬಂತು, ಆದರೆ ಅತ್ತೆಯ ಮುಖ ನೋಡಿ ನುಂಗಿಕೊಂಡಳು. ಚೀಟಿ ತೋರಿಸಿದ ಮೇಲೆ ಈ ಕಂಪನಿಯ ಕಂಪ್ಯೂಟರು ಹುಟ್ಟಿದ ತಾರೀಖನ್ನು ಖಾತೆಯ ಮೊದಲ ಪುಟದಲ್ಲೇ ಬರೆದಿಡುತ್ತದೆ; ಹುಟ್ಟುಹಬ್ಬದ ದಿನ ಎಷ್ಟು ತುಂಬಿತೆಂದು ದೊಡ್ಡಕ್ಷರದಲ್ಲಿ ಶುಭಾಶಯವನ್ನೂ ಹೇಳುತ್ತದೆ. ಮಾವ ದಿನಾ ಬೆಳಗ್ಗೆ ಪೇಪರ್ ಓದುವುದು ಇದೇ ಲ್ಯಾಪ್‌ಟಾಪಿನಲ್ಲಿ.

ಸೊಸೆ ಆ ಕಾನೂನನ್ನು ಪೂರ್ತಿ ಓದಿದ್ದಳು. ಹೊಟ್ಟೆಪಾಡು, ಓದದೆ ಏನು ಮಾಡುತ್ತಾಳೆ? ಅದರಲ್ಲಿ ಚೀಟಿಯ ಮಾತಿಲ್ಲ, ಮುಖದ ಮಾತಿಲ್ಲ. ಕಂಪ್ಯೂಟರನ್ನು ಮೊದಲು ತೆರೆಯುವಾಗ ವಯಸ್ಸು ಕೇಳಬೇಕು, ಬಳಸುವವರು ದೊಡ್ಡವರೋ ಚಿಕ್ಕವರೋ ಎಂಬುದನ್ನಷ್ಟೇ ಒಳಗಿನ ಆ್ಯಪ್‌ಗಳಿಗೆ ಹೇಳಬೇಕು, ಅಷ್ಟೆ. "ಕಾನೂನು ಕೇಳಿದ್ದು ಒಂದು ಬೊಗಸೆ ಅತ್ತೆ. ಕಂಪನಿ ಕೊಡ ಹಿಡ್ಕೊಂಡು ಬಂದಿದೆ. ಈ ಕಂಪನಿಯ ಸಹವಾಸವೇ ಬೇಡ, ಬೇರೆ ಸಿಸ್ಟಮ್ ಹಾಕ್ತೀನಿ."

ಎಲ್ಲೆಲ್ಲೋ ಕೂತ ಪುಣ್ಯಾತ್ಮರು ಬಿಡುವಿನಲ್ಲಿ ಬರೆದು ಪುಕ್ಕಟೆ ಹಂಚುವ ಆಪರೇಟಿಂಗ್ ಸಿಸ್ಟಮ್ ಅದು. ಅದೂ ಹುಟ್ಟಿದ ತಾರೀಖು ಕೇಳುತ್ತದೆ, ಆದರೆ ಒಂದೇ ಸಲ. ಕೇಳಿದ್ದನ್ನು ಯಂತ್ರದೊಳಗೇ ಬೀಗ ಹಾಕಿಟ್ಟು, ಯಾವ ಆ್ಯಪ್ ವಿಚಾರಿಸಿದರೂ 'ಹದಿನೆಂಟು ದಾಟಿದೆ' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

"ಯಾವುದಾದ್ರೂ ಸುಳ್ಳು ತಾರೀಖು ಹಾಕ್ಲಾ?" ಎಂದು ಕೇಳಿದಳು ಸೊಸೆ.

"ಬೇಡಮ್ಮ, ನಿಜದ್ದೇ ಹಾಕು. ಒಂದು ಸುಳ್ಳು ಕಾಯೋದರಲ್ಲೇ ಸಾಕುಸಾಕಾಗಿದೆ. ಇನ್ನೊಂದನ್ನ ಯಾರು ಕಾಯ್ತಾರೆ?"

ಬುಧವಾರ ಸಂಜೆ ಲ್ಯಾಪ್‌ಟಾಪ್ ಮನೆ ಸೇರಿತು. ಗುರುವಾರ ಬೆಳಗ್ಗೆ ಮಾವ ಅಂಗಡಿಗೆ ಬಂದು, ಕನ್ನಡಕ ಸರಿಮಾಡಿಕೊಂಡು, ಅಂಗೈಯಗಲದ ಒಂದು ಚೀಟಿಯನ್ನು ಮೇಜಿನ ಮೇಲಿಟ್ಟರು. "ಒರೆಸೋಣ ಅಂತ ಬೋರಲು ಹಾಕಿದ್ದೆ. ಅಡಿಯಲ್ಲಿ ಅಂಟ್ಕೊಂಡಿತ್ತು."

ಚೀಟಿ ಸೊಸೆಯದೇ. ಹನ್ನೊಂದು ವರ್ಷದಿಂದ ಅವಳದ್ದೊಂದು ಶಿಸ್ತು. ಹೊಸದಾಗಿ ಸಿಸ್ಟಮ್ ಹಾಕಿದ ಪ್ರತಿ ಯಂತ್ರದ ಅಡಿಯಲ್ಲಿ, ಹಾಕುವಾಗ ತುಂಬಿದ್ದನ್ನೆಲ್ಲ ಬರೆದು ಚೀಟಿ ಅಂಟಿಸುವುದು. ಗಿರಾಕಿ ಮರೆತರೆ ನೋಡಿಕೊಳ್ಳಲಿ ಎಂದು. ಕೈ ತನ್ನ ಪಾಡಿಗೆ ತಾನು ಬರೆದಿತ್ತು. ಹೆಸರು, ಭಾಷೆ, ಹುಟ್ಟಿದ ತಾರೀಖು, ಎಲ್ಲ ತನ್ನದೇ ದುಂಡಗಿನ ಅಕ್ಷರದಲ್ಲಿ! ಕಂಪನಿಯನ್ನು ಬಾಯ್ತುಂಬ ಬೈದವಳು ತಾನೇ, ಕೊನೆಗೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

"ಮಾವ, ಅದು... ತಾರೀಖು ತಪ್ಪಾಗಿ..."

"ತಪ್ಪೇನೂ ಇಲ್ಲ, ಸರಿಯಾಗೇ ಇದೆ," ಎಂದರು ಮಾವ. "ನಿನ್ನ ಗಂಡ ಹುಟ್ಟಿದಾಗ ಆಸ್ಪತ್ರೆ ಕಾಗದದಲ್ಲಿ ನೋಡಿದ್ದೆ."

ಸೊಸೆ ಚೀಟಿಯಿಂದ ತಲೆ ಎತ್ತಿದಳು. "ಅವತ್ತಿಂದ ಗೊತ್ತಾ? ಕೇಳ್ಲೇ ಇಲ್ವಾ?"

"ಒಂದು ವಾರ ಸಿಟ್ಟಿತ್ತು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಯೋಚನೆ ಮಾಡ್ದೆ. ದಿನಾ ಚೀಲ ಹೊತ್ಕೊಂಡು ಹೋಗಿ ಕಂಡೋರ ಕಾಗದ ಹಂಚ್ತೀನಿ, ಒಂದು ಲಕೋಟೆ ಬಿಚ್ಚಿ ನೋಡಿದೋನಲ್ಲ. ಕಟ್ಕೊಂಡೋಳ ಲಕೋಟೆ ಬಿಚ್ತೀನಾ? ಕೊಡೋ ಮನಸ್ಸು ಬಂದಾಗ ಅವಳೇ ಕೊಡ್ಲಿ." ಚೀಟಿಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. "ಬೇರೆ ಚೀಟಿ ಬರ್ಕೊಡು. ಅಂಟಿನ ಗುರುತು ಕಂಡ್ರೆ ಅವಳಿಗೆ ಅನುಮಾನ ಬರುತ್ತೆ."

ಹೊಸ ಚೀಟಿಯಲ್ಲಿ ಸೊಸೆ ಅಂಗಡಿಯ ಫೋನ್ ನಂಬರ್, ರಿಪೇರಿಯಾದ ದಿನ, ಇಷ್ಟೇ ಬರೆದಳು. ಮಾವ ಹೋದ ಮೇಲೆ ಕಪಾಟಿನಲ್ಲಿದ್ದ ಯಂತ್ರಗಳನ್ನೆಲ್ಲ ಬೋರಲು ಹಾಕಿ, ಉಗುರು ನೋಯುವ ತನಕ ಹಳೇ ಚೀಟಿ ಕಿತ್ತಳು. ಹಳೆಯ ಗಿರಾಕಿಗಳಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ, ತನ್ನ ತಪ್ಪು ಒಪ್ಪಿಕೊಂಡು, ಕಿತ್ತು ಬಿಸಾಡಲು ಹೇಳಿದಳು.

ಶನಿವಾರ ಹತ್ತಕ್ಕೆ ಸರಿಯಾಗಿ ಕ್ಲಾಸು ಶುರುವಾಯಿತು. ಅತ್ತೆ ಕಾಲರಿಗೆ ಟಾಕಾ ಹಾಕುತ್ತಿದ್ದರು, ಮಾವ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು, ಸೊಸೆ ಬಾಗಿಲಲ್ಲಿ ನಿಂತಿದ್ದಳು. ಹೊಸದಾಗಿ ಸೇರಿದವಳೊಬ್ಬಳು ಪರದೆಯಿಂದ ಕೇಳಿಯೇಬಿಟ್ಟಳು: "ಟೀಚರ್, ಈ ವಯಸ್ಸಲ್ಲೂ ಸೂಜಿಗೆ ದಾರ ಒಂದೇ ಏಟಿಗೆ ಪೋಣಿಸ್ತೀರಲ್ಲ, ನಿಮಗೆಷ್ಟಾಯ್ತು?"

ಅತ್ತೆ ತಲೆ ಎತ್ತಲಿಲ್ಲ. "ಹದಿನೆಂಟು ದಾಟಿದೆ. ಸರ್ಕಾರಕ್ಕೇ ಅಷ್ಟು ಸಾಕಂತೆ, ನಿನಗೆ ಸಾಲದಾ?"

ಪರದೆಯಲ್ಲಿದ್ದ ಹೆಂಗಸರೆಲ್ಲ ಗೊಳ್ಳೆಂದರು. ಅಡುಗೆಮನೆಯಲ್ಲಿ ಮಾವನೂ ಜೋರಾಗಿ ನಕ್ಕುಬಿಟ್ಟರು. ಆ ನಗು ಕೇಳಿ ಅತ್ತೆಯ ಕೈ ನಿಂತಿತು. ಆ ಕಡೆ ಒಂದು ಗಳಿಗೆ ನೋಡಿ, ಮತ್ತೆ ಟಾಕಾ ಹಾಕಿದರು.

ಕ್ಲಾಸು ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದವರು ನೆಟ್ಟಗೆ ಅಡುಗೆಮನೆಗೆ ಹೋದರು. "ರೀ, ಆ ಚಾಕು ಕೆಳಗಿಡಿ. ನಿಮಗೊಂದು ವಿಷಯ ಹೇಳ್ಬೇಕು. ಎಷ್ಟೋ ವರ್ಷದಿಂದ ಹೇಳ್ಬೇಕಿತ್ತು."

ಮಾವ ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಪಕ್ಕದ ಕುರ್ಚಿ ಎಳೆದು ಕೊಟ್ಟರು. "ಹೇಳು," ಎಂದರು, ಏನೂ ಗೊತ್ತಿಲ್ಲದವರ ಹಾಗೆ.

ಸೊಸೆ ಬಾಗಿಲು ಎಳೆದುಕೊಂಡು ಹೊರಗೆ ಬಂದಳು.