ಮೂರು ಸೀಟಿ

ಕುರ್ಚಿಗೆ ಒರಗಿ ಬಾಯಗಲಿಸಿದ್ದ ಟೀಚರ್ ಗಾಜಿನ ಗೋಡೆಯಾಚೆ ಕೂತವಳತ್ತ ಒಮ್ಮೆ ಕಣ್ಣು ಹಾಯಿಸಿದರು. ಗುರುತು ಹತ್ತಲಿಲ್ಲ. ಹತ್ತುವುದಕ್ಕೆ ಅವಳ ಮುಖದಲ್ಲಿ ಮಾಸ್ಕಿನ ಮೇಲಿನ ಎರಡು ಕಣ್ಣು ಬಿಟ್ಟರೆ ಇನ್ನೇನೂ ಕಾಣುತ್ತಿರಲಿಲ್ಲ. ಹಲ್ಲಿನ ಡಾಕ್ಟರ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವವಳು ಅವಳು. ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟೋ ಬಾಯಿಗಳು ಅವಳ ಕೈಯಲ್ಲಿ ಹಾದುಹೋಗಿದ್ದವು. ಮನುಷ್ಯರ ಪರಿಚಯ ಕಡಿಮೆ.

ಹೋದ ತಿಂಗಳು ಬಾಯಿಯ ಅಚ್ಚಿನ ಜೊತೆ ಬಂದ ಚೀಟಿಯಲ್ಲಿ ಆ ಹೆಸರು ನೋಡಿ ಅವಳ ಕೈ ನಿಂತಿತ್ತು. ಆರನೇ ಕ್ಲಾಸಿನ ಟೀಚರ್.

ಆಗ ಅವಳ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿಯಿತ್ತು. 'ಸ' ಬಂದಲ್ಲೆಲ್ಲ ಗಾಳಿ ಸುಯ್ಯೆಂದು ಹಾರುತ್ತಿತ್ತು. ಟೀಚರ್ ಮೊದಲ ವಾರವೇ ಅದನ್ನು ಕಂಡುಕೊಂಡು, ದಿನವೂ ಅವಳಿಂದಲೇ ಪಾಠ ಓದಿಸತೊಡಗಿದರು. "ಎಷ್ಟು ಸೀಟಿ ಆಯ್ತು ಎಣಿಸಿ ನೋಡೋಣ. ಮೂರಾದ್ರೆ ಕುಕ್ಕರ್ ಇಳಿಸಿಬಿಡೋಣ." ಇಡೀ ಕ್ಲಾಸು ಬೆರಳು ಮಡಿಸಿ ಎಣಿಸುತ್ತಿತ್ತು. ಮೂರನೆಯದಕ್ಕೆ ಅವಳು ಕೂರಬೇಕು. ವರ್ಷ ಮುಗಿಯುವಷ್ಟರಲ್ಲಿ ಅವಳ ಹೆಸರೇ ಕುಕ್ಕರ್ ಆಗಿತ್ತು.

ಅಲ್ಲಿಂದ ಅವಳು ಮಾತು ಆರಿಸಿಕೊಂಡು ಆಡುವುದನ್ನು ಕಲಿತಳು. ಸಾಕು ಎನ್ನಬೇಕಾದಲ್ಲಿ ಬೇಡ, ಸರಿ ಎನ್ನಬೇಕಾದಲ್ಲಿ ಆಯ್ತು. ಓದು ಬಿಟ್ಟು ಈ ಬಾಯಿಲ್ಲದ ಕೆಲಸ ಹಿಡಿದದ್ದೂ ಆ ಬೆರಳುಗಳ ದೆಸೆಯಿಂದಲೇ. "ನಿನ್ನ ಸಂದಿ ನಾನೇ ತುಂಬಿಕೊಡ್ತೀನಮ್ಮ, ದುಡ್ಡೇನೂ ಬೇಡ" ಎಂದು ಡಾಕ್ಟರು ಹೇಳಿದಾಗಲೆಲ್ಲ ತಲೆಯಾಡಿಸಿ ಬೇಡವೆಂದಿದ್ದಳು. ಸೇಡು ಎಂಬ ಮಾತನ್ನು ಅವಳು ಯಾರೆದುರೂ ಆಡಿದವಳಲ್ಲ. ಆಡಿದ್ದರೆ ಅದೂ ಸೀಟಿ ಹೊಡೆಯುತ್ತಿತ್ತು.

ಟೀಚರ ಮೇಲ್ದವಡೆಯ ಸೆಟ್ಟಿನಲ್ಲಿ, ಮುಂದಿನ ಹಲ್ಲುಗಳ ಹಿಂಬದಿಗೆ, ನಾಲಿಗೆಯ ತುದಿ ತಾಗುವ ಕಡೆ ಅವಳು ಅಕ್ಕಿಕಾಳಿನಷ್ಟು ಉದ್ದದ ಗೀರು ಕೊರೆದಳು. ಕಣ್ಣಿಗೆ ಬೀಳುವಂಥದ್ದಲ್ಲ, ಗಾಳಿಗೆ ಅಷ್ಟು ದಾರಿ ಸಾಕು. ಕೊರೆದು, ನುಣ್ಣಗೆ ಪಾಲಿಶ್ ಮಾಡಿ ಕಳಿಸಿದಳು. ಅಂಗಡಿಯಲ್ಲಿ ಸಾಬೂನು ಕೇಳಲು ನಾಚಿ ಸುಮ್ಮನೆ ನಿಲ್ಲುವ ಟೀಚರನ್ನು ಕಲ್ಪಿಸಿಕೊಂಡು ಹದಿನೈದು ದಿನ ಅವಳಿಗೆ ಊಟ ರುಚಿಸಿತ್ತು.

ಇವತ್ತು ಟೀಚರ್ ನಾಲ್ಕು ವರ್ಷದ ಮೊಮ್ಮಗಳನ್ನೂ ಕರೆದುಕೊಂಡು ಬಂದಿದ್ದರು.

"ಸೆಟ್ಟು ಸುಖವಾಗಿದೆ ಡಾಕ್ಟ್ರೇ. ಬಲಗಡೆ ಮಾತ್ರ ಒತ್ತುತ್ತೆ."

"ಎರಡು!" ಎಂದಿತು ಬೆಂಚಿನ ಮೇಲಿನ ಮಗು.

ಡಾಕ್ಟರ ಮುಖ ಸಣ್ಣದಾಯಿತು. "ಗಾಳಿ ಹೋಗ್ತಿದೆಯಲ್ಲಮ್ಮ. ಈಗಲೇ ಸರಿ ಮಾಡಿಸಿಬಿಡ್ತೀನಿ."

"ಅಯ್ಯೋ, ಅದನ್ನ ಮುಟ್ಟಬೇಡಿ. ಈ ಪುಟ್ಟಿ ತಟ್ಟೆ ಕಂಡ್ರೆ ಮಂಚದಡಿ ಸೇರ್ಕೋತಿದ್ಲು. ಟಾನಿಕ್ಕೂ ಆಯ್ತು, ಹೊಡೆತಾನೂ ಆಯ್ತು. ಈಗ ನೋಡಿ, ಮೂರು ಸೀಟಿಗೆ ಒಂದು ತುತ್ತು. ಹದಿನೈದು ದಿನಕ್ಕೆ ಅರ್ಧ ಕೆಜಿ ಏರಿದ್ದಾಳೆ, ಅಜ್ಜಿಯಿಂದಲ್ಲ, ಹಲ್ಲಿನಿಂದ ಅಂತ ಇವಳಪ್ಪ ರೇಗಿಸ್ತಾನೆ." ಟೀಚರ್ ನಕ್ಕರು. "ನನ್ನ ಕ್ಲಾಸಲ್ಲೂ ಒಬ್ಬಳು ಹೀಗೇ ಇದ್ಲು. ಎಷ್ಟು ನಗ್ತಿದ್ವಿ ಅಂತೀರಿ. ಪಾಪ, ಅವಳೂ ನಗ್ತಿದ್ಲು."

ಗಾಜಿನೀಚೆ ಅವಳ ಕೈಯಲ್ಲಿದ್ದ ಮೇಣ ಕೆತ್ತುವ ಚಾಕು ಅಲ್ಲೇ ನಿಂತಿತು. ನಕ್ಕಿದ್ದಳೇ? ನಕ್ಕಿರಲೂಬಹುದು. ನಲವತ್ತು ಮಕ್ಕಳು ನಗುವಾಗ ಒಬ್ಬಳೇ ಅಳುವುದಕ್ಕೂ ಧೈರ್ಯ ಬೇಕು.

ಡಾಕ್ಟರು ಸೆಟ್ಟನ್ನು ಟ್ರೇಯಲ್ಲಿ ತಂದಿಟ್ಟರು. "ಬಲಗಡೆ ಚೂರು ಉಜ್ಜಿ ಕೊಡಮ್ಮ. ಸೀಟಿ ಹಾಗೇ ಇರ್ಲಂತೆ, ನಮ್ಮ ಪುಣ್ಯ."

"ಆಯ್ತು," ಎಂದಳು.

ಬಲಗಡೆ ಉಜ್ಜಿದಳು. ಆಮೇಲೆ ವಸಡಿನ ಬಣ್ಣದ ಪುಡಿಗೆ ನಾಲ್ಕು ಹನಿ ದ್ರವ ಕಲಸಿ, ಕುಂಚದ ತುದಿಯಿಂದ ಆ ಗೀರಿಗೆ ತುಂಬಿದಳು. ಗಟ್ಟಿಯಾಗುವವರೆಗೆ ಕಾದಳು. ಬೆರಳಾಡಿಸಿದಳು, ಮತ್ತೆ ಉಜ್ಜಿದಳು. ಇಷ್ಟು ಶ್ರದ್ಧೆಯಿಂದ ಅವಳು ಯಾರ ಬಾಯಿಗೂ ದುಡಿದಿರಲಿಲ್ಲ. ಡಾಕ್ಟರು ಫೋನಿನಲ್ಲಿದ್ದರು. ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ಸೆಟ್ಟನ್ನು ತಾನೇ ಒಯ್ದು ಕೊಟ್ಟಳು.

ಟೀಚರ್ ಹಾಕಿಕೊಂಡು ಬಾಯಿ ಮುಚ್ಚಿ ತೆರೆದರು. "ಸಾಕಮ್ಮ, ಈಗ ಒತ್ತುತ್ತಿಲ್ಲ."

ಮಾತು ತೊಳೆದಿಟ್ಟ ಲೋಟದ ಹಾಗೆ ಬಂತು. ಬೆಂಚಿನ ಮೇಲಿನ ಮಗು ಮೂರು ಬೆರಳು ನೆಟ್ಟಗೆ ಹಿಡಿದು ಕಾಯುತ್ತಿತ್ತು. "ಅಜ್ಜಿ, ಸೀಟಿ."

"ಸಕ್ಕರೆ," ಎಂದರು ಟೀಚರ್. "ಸೋಮವಾರ. ಸಾಬೂನು." ಒಂದಕ್ಕೂ ಮಗು ಬೆರಳು ಮಡಿಸಲಿಲ್ಲ. ಟೀಚರ ನಾಲಿಗೆ ಬಾಯೊಳಗೆ ಏನನ್ನೋ ತಡಕುತ್ತಿತ್ತು. ಮಗುವಿನ ತುಟಿ ಅಳುವಿಗೆ ಸೊಟ್ಟಗಾಯಿತು.

"ಏನಮ್ಮ ಮಾಡಿದೆ?" ಎಂದರು, ಅವಳನ್ನಲ್ಲ, ಅವಳ ಕೈಗಳನ್ನು ನೋಡುತ್ತ.

"ಸರಿ ಮಾಡಿದೆ."

ಇಷ್ಟು ವರ್ಷ ತುಟಿಯೊಳಗೇ ತಡೆದಿಟ್ಟಿದ್ದ ಮಾತು ಹೇಳದೆ ಕೇಳದೆ ಹೊರಬಿದ್ದಿತ್ತು. ಮಗುವಿನ ಕತ್ತು ಸರಕ್ಕನೆ ಅವಳತ್ತ ತಿರುಗಿತು.

"ಒಂದು," ಎಂದು ಬೆರಳು ಮಡಿಸಿತು. ಬೆಂಚಿನಿಂದ ಜಾರಿ ಬಂದು ಅವಳ ಬಾಯನ್ನೇ ನೋಡುತ್ತ ನಿಂತಿತು. "ಅಜ್ಜಿ, ನಿನ್ನ ಸೀಟಿ ಇವ್ರು ತಗೊಂಡ್ಬಿಟ್ಟಿದ್ದಾರೆ."

ಟೀಚರ್ ನಿಧಾನವಾಗಿ ಕತ್ತೆತ್ತಿದರು. ಅವರ ಕಣ್ಣು ಅವಳ ಮುಂದಿನ ಹಲ್ಲುಗಳ ಮೇಲೆ ನಿಂತಿತು. ಮಾಸ್ಕಿಗೆಂದು ಮೇಲೆದ್ದ ಅವಳ ಕೈ ಗಲ್ಲದ ಹತ್ತಿರವೇ ಉಳಿಯಿತು.

ಮಗು ಇನ್ನೆರಡು ಬೆರಳು ನೆಟ್ಟಗೆ ಹಿಡಿದುಕೊಂಡು ಕಾಯುತ್ತಿತ್ತು.